ಪೆಟ್ರೋಲ್ ಕುಡಿಯದ ದೋಣಿ

"ಬುಳುಕ್!"

ಲಾಳಿಕೆಯೊಳಗಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ನಿಂಗನ ಅಂಗಿಗೆ ಸಿಡಿಯಿತು. ಅವನು ಗಾಬರಿಯಿಂದ ಡಬ್ಬವನ್ನು ನೆಟ್ಟಗೆ ಮಾಡಿಕೊಂಡ.

"ಅಯ್ಯೋ ಮಾರಾಯ, ಮೆಲ್ಲಗೆ ಹೊಯ್ಯಿ! ಗದ್ದೆಗೆ ನೀರು ಬಿಡ್ತಾ ಇದ್ದೀಯಾ?" ಎಂದು ದಡದ ಮೇಲಿನಿಂದ ರೈಟರ್ ದೇರಪ್ಪ ಕೂಗಿದರು.

"ಮೆಲ್ಲಗೇ ಹೊಯ್ತಾ ಇದ್ದೀನಿ ಸಾಮಿ. ಒಳಗೆ ಇಳೀತಾ ಇಲ್ಲ."

"ಇಳಿಯದೆ ಎಂತ ಆಗ್ತದೆ? ಟ್ಯಾಂಕು ಇರೋದೇ ಅದಕ್ಕೆ!"

ಶಾಲೆಯಿಂದ ಓಡೋಡಿ ಬಂದ ಜವರಿ ಅತ್ತಿಮರದ ಬುಡದಲ್ಲಿ ಗಕ್ಕನೆ ನಿಂತಳು. ಅವತ್ತು ಶನಿವಾರ, ಅರ್ಧ ದಿನದ ಶಾಲೆ. ಅಪ್ಪ ಮೋಟರ್ ದೋಣಿಯನ್ನು ಒಬ್ಬನೇ ಹೊಳೆ ದಾಟಿಸುವುದನ್ನು ನೋಡಬೇಕೆಂದು ದಾರಿಯಲ್ಲಿ ಒಂದು ನೇರಳೆ ಹಣ್ಣನ್ನೂ ಹೆಕ್ಕದೆ ಓಡಿ ಬಂದಿದ್ದಳು. ನೋಡಿದರೆ ದೋಣಿ ಇನ್ನೂ ಕಟ್ಟಿದಲ್ಲೇ ಇತ್ತು.

ಇದು ಇಂಗ್ಲಿಷರು ಕೊಡಗನ್ನು ಆಳುತ್ತಿದ್ದ ಕಾಲದ ಮಾತು. ಚೆಟ್ಟಳ್ಳಿಯಿಂದ ಕೆಳಗಿಳಿದರೆ ಕಾವೇರಿ ಹೊಳೆಯ ಬದಿಯಲ್ಲಿ ಅತ್ತಿಮರದ ಕಡವು ಎಂಬ ಜಾಗ. ಕಡವು ಎಂದರೆ ದೋಣಿಯಲ್ಲಿ ಹೊಳೆ ದಾಟುವ ಸ್ಥಳ. ಜವರಿಯ ಅಪ್ಪ ನಿಂಗ ಅಲ್ಲಿಯ ಅಂಬಿಗ. ಅವನ ಅಪ್ಪನೂ ಅಂಬಿಗನೇ ಆಗಿದ್ದ. ಒಂದೇ ಮರವನ್ನು ಕೊರೆದು ಮಾಡಿದ ಅವರ ಹಳೆಯ ದೋಣಿ ಊರಿನವರನ್ನೆಲ್ಲ ಆಚೆ ಈಚೆ ದಾಟಿಸಿತ್ತು.

ಆದರೆ ಆಚೆ ದಡದ ಕಾಫಿ ಎಸ್ಟೇಟಿನ ದೊರೆಗೆ ಅದು ಸಾಲಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹುಟ್ಟು ಹಾಕುವ ದೋಣಿ ದಡ ಬಿಟ್ಟು ಕದಲುವಂತಿಲ್ಲ. ಆಚೆಯವರು ಆಚೆ, ಈಚೆಯವರು ಈಚೆ. ಅದಕ್ಕೆ ದೊರೆ ಮಂಗಳೂರಿನಿಂದ ಲಾರಿಯ ಮೇಲೆ ಮೋಟರ್ ದೋಣಿ ತರಿಸಿದ್ದ.

ದೋಣಿಯ ಜೊತೆಗೆ ಒಬ್ಬ ಮಿಸ್ತ್ರಿಯೂ ಬಂದಿದ್ದ. ಅವನು ನಾಲ್ಕು ದಿನ ಇದ್ದು ನಿಂಗನಿಗೆ ದೋಣಿ ನಡೆಸುವುದನ್ನು ಕಲಿಸಿಕೊಟ್ಟು ಹೋದ. ಅವನ ಮಾತು ಅರ್ಧ ತುಳು, ಅರ್ಧ ಇಂಗ್ಲಿಷು, ಅದೂ ಬಲು ಗಡಿಬಿಡಿಯದು. ನಿಂಗ ಎಲ್ಲದಕ್ಕೂ "ಹ್ಞೂಂ, ಹ್ಞೂಂ" ಎಂದು ತಲೆಯಾಡಿಸಿದ್ದ. "ಇದು ಯಾತಕ್ಕೆ?" ಎಂದು ಒಂದು ಸಲವೂ ಕೇಳಿರಲಿಲ್ಲ. ಪೆಟ್ರೋಲ್ ಹೊಯ್ಯುವಾಗ ಹತ್ತಿರ ಬೀಡಿ ಹಚ್ಚಬಾರದು ಎಂಬ ಮಾತನ್ನು ಮಾತ್ರ ಮಿಸ್ತ್ರಿ ಕೈ ಬಾಯಿ ಎಲ್ಲ ಆಡಿಸಿ ತೋರಿಸಿದ್ದರಿಂದ ಅದು ಎಲ್ಲರಿಗೂ ಅರ್ಥವಾಗಿತ್ತು.

ಇವತ್ತು ಪರೀಕ್ಷೆಯ ದಿನ. ಜವರಿಗಲ್ಲ, ಅವಳ ಅಪ್ಪನಿಗೆ.

ನಿಂಗ ತಾನೇ ಪೆಟ್ರೋಲ್ ಹೊಯ್ದು, ತಾನೇ ಮೋಟರ್ ಹಚ್ಚಿ, ಆಚೆ ಹೋಗಿ ವಾಪಸ್ ಬರಬೇಕು. ಬಂದರೆ ಅವನೇ ದೋಣಿಯ ಡ್ರೈವರ್. ಬಾರದಿದ್ದರೆ ಮಂಗಳೂರಿನಿಂದ ಬೇರೆ ಡ್ರೈವರ್ ಬರುತ್ತಾನೆ. ಆ ಕಾಗದವನ್ನು ರೈಟರ್ ದೇರಪ್ಪ ಬರೆದು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಎಸ್ಟೇಟಿನ ಬರವಣಿಗೆ, ಆಳುಗಳ ಹಾಜರಿ ಎಲ್ಲ ನೋಡಿಕೊಳ್ಳುವ ರೈಟರು ಅವರು. ಈ ವಿಷಯವನ್ನು ದೊರೆ ಅವರಿಗೇ ಬಿಟ್ಟಿದ್ದ. ನಾಲ್ಕು ಗಂಟೆಗೆ ಟಪ್ಪಾಲಿನವನು ಕಡವಿಗೆ ಬರುತ್ತಾನೆ. ಅಷ್ಟರೊಳಗೆ ತೀರ್ಮಾನ ಆಗಬೇಕು.

ಬೇರೆ ಡ್ರೈವರ್ ಬಂದರೆ ಏನಾಗುತ್ತದೆ ಎಂಬುದು ಜವರಿಗೆ ಗೊತ್ತಿತ್ತು. ಅವ್ವ ಅಪ್ಪ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡಿದ್ದಳು. ಕಡವಿನ ಗುಡಿಸಲು ಡ್ರೈವರನಿಗೆ ಹೋಗುತ್ತದೆ. ಇವರು ಗುಡ್ಡದ ಆಚೆಯ ಎಸ್ಟೇಟಿನ ಲೈನಿಗೆ, ಎಂದರೆ ಆಳುಗಳ ಸಾಲುಮನೆಗೆ, ಹೋಗಿ ಕೂಲಿ ಮಾಡಬೇಕು. ಲೈನಿನ ಹತ್ತಿರ ಶಾಲೆ ಇಲ್ಲ. ಜವರಿ ಈಗ ಮೂರನೇ ಕ್ಲಾಸು. ನಾಲ್ಕಕ್ಕೆ ಹೋಗಬೇಕೆಂದು ಅವಳಿಗೆ ಬಹಳ ಆಸೆ.

"ಅಪ್ಪಾ, ಎಂತಾಯ್ತು?" ಎಂದು ಅವಳು ದಡ ಇಳಿದಳು.

"ಏನಿಲ್ಲ ಮಗಾ. ನೀ ಆ ಕಡೆ ಇರು," ಎಂದ ನಿಂಗ. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. ಏನಿಲ್ಲ ಎಂದು ಅಪ್ಪ ಹೇಳಿದರೆ ಏನೋ ಇದೆ ಎಂದೇ ಲೆಕ್ಕ.

ರೈಟರು ಪಂಚೆ ಎತ್ತಿಕಟ್ಟಿಕೊಂಡು ದೋಣಿಯ ಹತ್ತಿರ ಬಂದರು. "ಟ್ಯಾಂಕು ತುಂಬಿರಬೇಕು. ಅದಕ್ಕೇ ಉಗುಳ್ತಾ ಉಂಟು."

ನಿಂಗ ಲಾಳಿಕೆ ತೆಗೆದು ಬಿದಿರಿನ ಕಡ್ಡಿಯೊಂದನ್ನು ಟ್ಯಾಂಕಿನೊಳಕ್ಕೆ ಇಳಿಬಿಟ್ಟು ಎತ್ತಿದ. ಕಡ್ಡಿಯ ತುದಿ ಎರಡು ಬೆರಳಿನಷ್ಟು ಮಾತ್ರ ಒದ್ದೆಯಾಗಿತ್ತು. ಟ್ಯಾಂಕು ಖಾಲಿ ಎಂದೇ ಹೇಳಬಹುದು.

"ಹಾಗಾದ್ರೆ ಲಾಳಿಕೆಯ ಜಾಲರಿ ಕಟ್ಟಿಕೊಂಡಿರಬೇಕು," ಎಂದರು ರೈಟರು.

ದೋಣಿಯ ಜೊತೆಗೇ ಬಂದ ಹಿತ್ತಾಳೆಯ ಲಾಳಿಕೆ ಅದು. ಟ್ಯಾಂಕಿನ ಬಾಯಿಗೆ ತಿರುಗಿಸಿ ಬಿಗಿಯಾಗಿ ಕೂರಿಸಬೇಕು. ಕಸ ಒಳಗೆ ಹೋಗದ ಹಾಗೆ ಅದರೊಳಗೆ ಸಣ್ಣ ಜಾಲರಿ. ನಿಂಗ ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ಜಾಲರಿಯ ಕಣ್ಣುಗಳೆಲ್ಲ ಸ್ವಚ್ಛವಾಗಿದ್ದವು. ಒಂದು ಇರುವೆಯೂ ಸಿಕ್ಕಿಕೊಂಡಿರಲಿಲ್ಲ.

"ದೋಣಿ ವಾಲಿದೆ. ಅದಕ್ಕೇ ಇರಬೇಕು," ಎಂದ ನಿಂಗ. ದೋಣಿಯ ಮೂತಿ ದಡದ ಮರಳಿನ ಮೇಲೆ ಏರಿ ಕುಳಿತಿತ್ತು. ಇಬ್ಬರೂ ಸೇರಿ ಅದನ್ನು ನೀರಿಗೆ ತಳ್ಳಿ ಮಟ್ಟಸ ಮಾಡಿದರು. ನಿಂಗ ಲಾಳಿಕೆಯನ್ನು ಮತ್ತೆ ಬಿಗಿಯಾಗಿ ಕೂರಿಸಿದ. ಉಸಿರು ಬಿಗಿಹಿಡಿದು, ಮಗುವಿಗೆ ಹಾಲು ಕುಡಿಸುವ ಹಾಗೆ ಇಷ್ಟಿಷ್ಟೇ ಹೊಯ್ದ.

ಪೆಟ್ರೋಲ್ ಲಾಳಿಕೆಯ ಅಂಚಿನವರೆಗೆ ಬಂದು ನಿಂತುಬಿಟ್ಟಿತು. ಎಲ್ಲರೂ ಬಗ್ಗಿ ನೋಡಿದರು.

"ಬುಳುಕ್!"

ಈ ಸಲ ಸಿಡಿದದ್ದು ರೈಟರ ಮೀಸೆಗೆ.

ಬೇರೆ ದಿನವಾಗಿದ್ದರೆ ಜವರಿ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಅವಳಿಗೆ ನಗು ಬರಲಿಲ್ಲ.

ರೈಟರು ಮೀಸೆ ಒರೆಸಿಕೊಂಡು ಸಿಟ್ಟಿನಿಂದ ಆಚೀಚೆ ನೋಡಿದರು. ದಡದ ಮೇಲೆ ಗಾಡಿಯ ಸುಬ್ಬ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಗೋಣಿಕೊಪ್ಪಲಿನಿಂದ ಎರಡು ಡಬ್ಬ ಪೆಟ್ರೋಲನ್ನು ತನ್ನ ಗಾಡಿಯಲ್ಲಿ ತಂದವನು ಅವನೇ.

"ಏಯ್ ಸುಬ್ಬ! ಇಲ್ಲಿ ಬಾ. ಈ ಡಬ್ಬದಲ್ಲಿ ಎಂತ ಉಂಟು?"

"ಪೆಟ್ರೋಲ್ ಅಲ್ವಾ ಸಾಮಿ?"

"ಪೆಟ್ರೋಲ್ ಅಂತೆ! ದಾರಿಯಲ್ಲಿ ಯಾವನಿಗೋ ಅರ್ಧ ಕೊಟ್ಟು, ಉಳಿದದ್ದಕ್ಕೆ ನೀರು ಸೇರಿಸಿದ್ದೀಯಾ?"

ಸುಬ್ಬನ ಮುಖ ಕಪ್ಪಿಟ್ಟಿತು. "ಎಂಥ ಮಾತು ಸಾಮಿ? ಮುಚ್ಚಳದ ಸೀಲು ಈಗ ನೀವೇ ಒಡೆದದ್ದಲ್ವಾ?"

"ಸೀಲು ಹಾಕೋದು ದೊಡ್ಡ ವಿದ್ಯೆಯಾ? ಬಾ, ಗಾಡಿಯಲ್ಲಿರೋ ಇನ್ನೊಂದು ಡಬ್ಬ ತೋರಿಸು."

ಇಬ್ಬರೂ ಜೋರು ಜೋರಾಗಿ ಮಾತಾಡುತ್ತ ಗಾಡಿಯ ಕಡೆಗೆ ಹತ್ತಿದರು. ನಿಂಗನೂ ಹೆಚ್ಚುಕಮ್ಮಿ ತುಂಬಿಯೇ ಇದ್ದ ಡಬ್ಬವನ್ನು ನೆರಳಿನಲ್ಲಿಟ್ಟು ಅವರ ಹಿಂದೆ ಹೋದ. ದೋಣಿಯ ಹತ್ತಿರ ಜವರಿ ಒಬ್ಬಳೇ ಉಳಿದಳು.

ಅವಳ ತಲೆಯಲ್ಲಿ ಆ "ಬುಳುಕ್" ಸದ್ದು ಇನ್ನೂ ಕೇಳಿಸುತ್ತಿತ್ತು. ಆ ಸದ್ದನ್ನು ಅವಳು ಮೊದಲೂ ಕೇಳಿದ್ದಳು. ಎಲ್ಲಿ?

ಶಾಲೆಯಲ್ಲಿ! ಪ್ರತಿ ಸೋಮವಾರ ದೊಡ್ಡ ಜಾಡಿಯ ಶಾಯಿಯನ್ನು ಸಣ್ಣ ಬಾಟಲಿಗಳಿಗೆ ತುಂಬುವುದು ಅವಳ ಕೆಲಸ. ಮೊದಲ ದಿನ ಅವಳು ಗಾಜಿನ ಲಾಳಿಕೆಯನ್ನು ಬಾಟಲಿಯ ಬಾಯಿಗೆ ಒತ್ತಿ ಕೂರಿಸಿದ್ದಳು. ಶಾಯಿ ಕೆಳಗಿಳಿಯದೆ ನಿಂತು, "ಬುಳುಕ್" ಎಂದು ಅವಳ ಲಂಗಕ್ಕೆಲ್ಲ ಹಾರಿತ್ತು. ನಾಗೇಶ್ವರ ಮೇಷ್ಟ್ರು ಬಂದು ಲಾಳಿಕೆಯನ್ನು ಒಂದು ಚೂರು ಎತ್ತಿ ಹಿಡಿದಿದ್ದರು. ಶಾಯಿ ಸರಸರನೆ ಇಳಿದಿತ್ತು.

"ಬಾಟಲಿ ಖಾಲಿ ಅಂತ ನೀನು ತಿಳ್ಕೊಂಡಿದ್ದೀಯಲ್ಲ, ಅದರ ತುಂಬ ಗಾಳಿ ಉಂಟು," ಎಂದಿದ್ದರು ಮೇಷ್ಟ್ರು. "ಗಾಳಿ ಹೊರಗೆ ಬರೋಕೆ ದಾರಿ ಕೊಡದೆ ಶಾಯಿ ಒಳಗೆ ಹೋಗು ಅಂದ್ರೆ ಹೇಗೆ ಹೋಗ್ತದೆ?"

ಜವರಿ ದೋಣಿಯೊಳಕ್ಕೆ ಕಾಲಿಟ್ಟಳು. ಹಾಗಾದರೆ ಈ ಟ್ಯಾಂಕಿನ ಗಾಳಿ ಎಲ್ಲಿಂದ ಹೊರಗೆ ಬರಬೇಕು? ಲಾಳಿಕೆಯಂತೂ ಬಾಯಿಗೆ ಬಿಗಿಯಾಗಿ ಕೂತಿದೆ. ದೋಣಿ ಮಾಡಿದವರು ಬೇರೆ ಎಲ್ಲೋ ಒಂದು ದಾರಿ ಇಟ್ಟಿರಬೇಕು. ಅವಳು ಟ್ಯಾಂಕಿನ ಸುತ್ತ ಕಣ್ಣಾಡಿಸಿದಳು.

ಟ್ಯಾಂಕಿನ ಬದಿಯಿಂದ ಒಂದು ತಾಮ್ರದ ಪೈಪು ಎದ್ದಿತ್ತು. ಅವಳ ಕಿರುಬೆರಳಿನಷ್ಟು ದಪ್ಪ. ಮೇಲೆ ಬಂದು ಕೊಕ್ಕೆಯ ಹಾಗೆ ಬಗ್ಗಿತ್ತು. ಅದರ ಬಾಯಿ ಮುಚ್ಚಿತ್ತು.

ಮುಚ್ಚಿದ್ದು ಅವಳೇ.

ಮಳೆ ಶುರುವಾಗುವ ಮೊದಲು ದೋಣಿಗೆ ಮೇಣ ಮೆತ್ತುವುದು ಅವರ ಮನೆಯ ವಾಡಿಕೆ. ಹಲಸಿನ ಮೇಣಕ್ಕೆ ಧೂಪದ ಅಂಟು ಸೇರಿಸಿ ಕಾಯಿಸಿ, ದೋಣಿಯ ಬಿರುಕು, ತೂತು ಎಲ್ಲದಕ್ಕೂ ತುಂಬುತ್ತಾರೆ. ಅಪ್ಪನ ದಪ್ಪ ಬೆರಳಿಗೆ ಸಿಗದ ತೂತುಗಳೆಲ್ಲ ಜವರಿಯ ಪಾಲು. ಈ ವರ್ಷ ಹಳೆಯ ದೋಣಿಗೆ ಮೆತ್ತಿ ಮುಗಿಸಿದ ಮೇಲೆ ಒಂದು ಗೋಲಿಯಷ್ಟು ಮೇಣ ಉಳಿದಿತ್ತು. "ಹೊಸ ದೋಣೀನೂ ಒಂದು ಸಲ ನೋಡಿಬಿಡು ಮಗಾ. ತೂತು ಕಂಡ್ರೆ ಮೆತ್ತು," ಎಂದಿದ್ದ ಅಪ್ಪ. ಮಿಸ್ತ್ರಿ ಹೊರಟುಹೋದ ಮರುದಿನ ಅದು.

ಅವಳು ಹೊಸ ದೋಣಿಯನ್ನೆಲ್ಲ ತಡವಿ ನೋಡಿದ್ದಳು. ಎಲ್ಲೂ ಬಿರುಕಿರಲಿಲ್ಲ. ಇದ್ದದ್ದು ಇದೊಂದೇ ತೂತು. ದೋಣಿಯಲ್ಲಿ ತೂತು ಎಂದರೆ ಅದು ಮುಚ್ಚಬೇಕಾದದ್ದು ಎಂದೇ ಅವಳು ಹುಟ್ಟಿದಂದಿನಿಂದ ತಿಳಿದಿದ್ದಳು. ಚೆನ್ನಾಗಿ ಒತ್ತಿ ಒತ್ತಿ ತುಂಬಿ, ಮೇಲೆ ಹೆಬ್ಬೆರಳಿನಿಂದ ನುಣ್ಣಗೆ ಮಾಡಿದ್ದಳು. ಜವರಿ ಮೆತ್ತಿದ ಮೇಲೆ ಒಂದು ಹನಿ ನೀರೂ ನುಸುಳದು ಎಂದು ಅಪ್ಪ ಊರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಈಗ ಗಾಳಿಯೂ ನುಸುಳುತ್ತಿಲ್ಲ!

ಅವಳಿಗೆ ಅಳು ಒತ್ತಿ ಬಂತು. ದಡದ ಕಡೆ ನೋಡಿದಳು. ಮೂವರೂ ಗಾಡಿಯ ಆಚೆಗಿದ್ದರು. ಜವರಿ ಜಡೆಯಿಂದ ಪಿನ್ನು ಕಿತ್ತು ಪೈಪಿನ ಬಾಯಿಗೆ ಚುಚ್ಚಿ ಮೀಟಿದಳು. ಹಲಸಿನ ಮೇಣ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬೆರಳಿಗೆ ಅಂಟಿತು, ಪಿನ್ನಿಗೆ ಅಂಟಿತು, ನೂಲಿನ ಹಾಗೆ ಎಳೆದುಕೊಂಡು ಬಂತು. ಕೊನೆಗೆ ಮುದ್ದೆಯಾಗಿ ಕಿತ್ತು ಬಂದಾಗ ಪೈಪಿನೊಳಗಿಂದ "ಉಸ್ಸ್" ಎಂದು ಗಾಳಿ ಹೊರಟಿತು.

ಆ ಮುದ್ದೆಯನ್ನು ಅವಳು ಹೊಳೆಗೆ ಎಸೆದಳು. ಬೆರಳಿಗೆ ಅಂಟಿದ್ದನ್ನು ಮರಳಿಗೆ ತಿಕ್ಕಿದಳು. ಹೋಗಲಿಲ್ಲ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಅತ್ತಿಮರದ ಬುಡಕ್ಕೆ ಹೋಗಿ ನಿಂತಳು.

ಸ್ವಲ್ಪ ಹೊತ್ತಿಗೆ ಅಪ್ಪ ಎರಡನೆಯ ಡಬ್ಬವನ್ನು ಹೆಗಲ ಮೇಲೆ ಹೊತ್ತು ಇಳಿದು ಬಂದ. ಹಿಂದೆ ರೈಟರು. ಅವರ ಹಿಂದೆ ಸುಬ್ಬ. ರೈಟರು ಸೀಲು ಒಡೆದರು. ನಿಂಗ ಕಣ್ಣು ಮುಚ್ಚಿ ಕಾವೇರಮ್ಮನನ್ನು ನೆನೆದು ಡಬ್ಬ ಬಗ್ಗಿಸಿದ.

ಗಟಗಟ ಗಟಗಟ. ಪೆಟ್ರೋಲ್ ಲಾಳಿಕೆಯಲ್ಲಿ ಒಂದು ಕ್ಷಣವೂ ನಿಲ್ಲದೆ ಇಳಿದುಹೋಯಿತು.

"ಹೋಯ್ತು! ಹೋಯ್ತು ಸಾಮಿ!" ನಿಂಗ ಸಣ್ಣ ಹುಡುಗನ ಹಾಗೆ ಕೂಗಿದ. ಅವನ ಮುಖ ಅರಳಿತು. ಜವರಿಗೂ ಒಮ್ಮೆ ಹಗುರವೆನಿಸಿತು. ಅಪ್ಪ ಗೆದ್ದ. ಇನ್ನು ಲೈನಿಗೆ ಹೋಗುವುದು ಬೇಡ. ಯಾರಿಗೂ ಏನೂ ಗೊತ್ತಾಗಲಿಲ್ಲ.

ರೈಟರು ತೊಡೆ ತಟ್ಟಿದರು. "ನಾನು ಹೇಳಲಿಲ್ವಾ? ಈ ಡಬ್ಬ ಸರಿ ಉಂಟು. ಆ ಡಬ್ಬದಲ್ಲೇ ಮೋಸ!" ಎಂದು ಸುಬ್ಬನ ಕಡೆ ತಿರುಗಿದರು. "ಸೋಮವಾರದಿಂದ ನಿನ್ನ ಗಾಡಿ ಎಸ್ಟೇಟಿನ ಗೇಟಿನೊಳಗೆ ಬರಬಾರದು. ಗೊತ್ತಾಯ್ತಾ?"

ಸುಬ್ಬ ತಲೆಯ ವಸ್ತ್ರವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ದಡ ಹತ್ತತೊಡಗಿದ. ಹತ್ತು ಹೆಜ್ಜೆ ನಡೆದು ತಿರುಗಿ ನಿಂತು, "ಹದಿನಾರು ವರ್ಷ ಆಯ್ತು ಸಾಮಿ ನಾನು ಗಾಡಿ ಹೊಡೆಯೋಕೆ ಶುರು ಮಾಡಿ. ಒಂದು ಹಿಡಿ ಕಾಫಿ ಬೀಜ ಕಮ್ಮಿ ಆದದ್ದು ಉಂಟಾ?" ಎಂದ. ಉತ್ತರಕ್ಕೆ ಕಾಯದೆ ಹೋದ.

ಜವರಿ ಅಪ್ಪನ ಕಡೆ ನೋಡಿದಳು.

ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಕೈ ಯಾವಾಗ ಬೆನ್ನ ಹಿಂದಿನಿಂದ ಮುಂದಕ್ಕೆ ಬಂತೋ ಅವಳಿಗೇ ತಿಳಿದಿರಲಿಲ್ಲ. ಬೆರಳ ತುದಿಯಲ್ಲಿ ಕಂದು ಬಣ್ಣದ ಮೇಣ. ನಿಂಗನ ಕಣ್ಣು ಆ ಬೆರಳಿನಿಂದ ತಾಮ್ರದ ಪೈಪಿಗೆ ಹೋಯಿತು. ಮತ್ತೆ ಅವಳ ಮುಖಕ್ಕೆ ಬಂತು. ಅವನಿಗೆ ಎಲ್ಲ ಅರ್ಥವಾಗಿತ್ತು.

ಅವನು ಮೆಲ್ಲನೆ ಮುಖ ತಿರುಗಿಸಿ ಖಾಲಿ ಡಬ್ಬದ ಮುಚ್ಚಳ ತಿರುಗಿಸತೊಡಗಿದ. ಎಷ್ಟು ತಿರುಗಿಸಿದರೂ ಅದು ಕೂರಲೇ ಇಲ್ಲ.

ಸುಮ್ಮನಿರು ಎಂದು ಅಪ್ಪ ಹೇಳುತ್ತಿದ್ದಾನೆ ಎಂದು ಜವರಿಗೆ ತಿಳಿಯಿತು. ಸುಮ್ಮನಿದ್ದರೆ ಎಲ್ಲ ಸರಿಯಾಗುತ್ತದೆ. ಗುಡಿಸಲು ಉಳಿಯುತ್ತದೆ, ನಾಲ್ಕನೇ ಕ್ಲಾಸು ಉಳಿಯುತ್ತದೆ. ಮೇಲೆ ಸುಬ್ಬ ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಿದ್ದ. ಎತ್ತಿನ ಕೊರಳ ಗಂಟೆ ಅಲ್ಲಾಡಿತು. ಇನ್ನೊಂದು ನಿಮಿಷದಲ್ಲಿ ಗಾಡಿ ಹೊರಟುಹೋಗುತ್ತದೆ.

"ಸುಬ್ಬ ಮಾವ ನೀರು ಹಾಕಿಲ್ಲ!"

ಆ ಧ್ವನಿ ತನ್ನದೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ಎಂತ?" ರೈಟರು ತಿರುಗಿದರು.

"ಸುಬ್ಬ ಮಾವ ಏನೂ ಮಾಡಿಲ್ಲ. ನಾನೇ... ಆ ಪೈಪಿಗೆ ಮೇಣ ತುಂಬಿದ್ದು ನಾನೇ. ತೂತು ಅಂದ್ಕೊಂಡೆ. ಒಳಗಿನ ಗಾಳಿಗೆ ದಾರಿ ಇರಲಿಲ್ಲ. ಈಗ ತೆಗೆದೆ. ಅದಕ್ಕೇ ಪೆಟ್ರೋಲ್ ಹೋಯ್ತು." ಒಂದೇ ಉಸಿರಿಗೆ ಹೇಳಿ ಮುಗಿಸಿ ಅವಳು ಅಂಟು ಕೈಯನ್ನು ಮುಂದೆ ಚಾಚಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ರೈಟರು ಕೈ ನೋಡಿದರು, ಪೈಪು ನೋಡಿದರು. ಪೈಪಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಮೇಣ ಹತ್ತಿಕೊಂಡಿತ್ತು. "ಎಸ್ಟೇಟಿನ ದೋಣಿಗೆ ಕೈ ಹಾಕೋಕೆ ನಿನಗೆ ಯಾರು ಹೇಳಿದ್ದು?" ಎಂದು ಗುಡುಗಿದರು.

"ನಾನು ಸಾಮಿ," ಎಂದ ನಿಂಗ.

ಅವನು ದೋಣಿಯಿಂದ ಇಳಿದು, ಮೊಣಕಾಲು ನೀರಿನಲ್ಲಿ ನಡೆದು ಬಂದು ಮಗಳ ಪಕ್ಕ ನಿಂತ. "ಮೆತ್ತು ಅಂತ ಹೇಳಿದ್ದು ನಾನು. ಹುಡುಗಿ ಹೇಳಿದ ಕೆಲಸ ಮಾಡಿದ್ದಾಳೆ. ಈಗ ಇವಳ ಕೈ ನೋಡಿದಾಗಲೇ ನನಗೆ ಗೊತ್ತಾಯ್ತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಅದೂ ನನ್ನದೇ ತಪ್ಪು."

"ಆ ಪೈಪು ಯಾತಕ್ಕೆ ಅಂತ ಮಿಸ್ತ್ರಿ ಹೇಳಲಿಲ್ವಾ?"

"ಹೇಳಿರಬೇಕು. ನನಗೆ ಅರ್ಥ ಆಗಲಿಲ್ಲ."

"ಅರ್ಥ ಆಗದಿದ್ರೆ ಕೇಳಬೇಕಲ್ವಾ?"

ನಿಂಗ ತಲೆ ತಗ್ಗಿಸಿದ. "ಕೇಳಿದ್ರೆ ನನ್ನ ಕೈಲಾಗಲ್ಲ ಅಂತ ತಿಳ್ಕೊಳ್ತೀರಿ ಅಂತ ಹೆದರಿದೆ ಸಾಮಿ."

ರೈಟರು ಜೇಬಿಗೆ ಕೈ ಹಾಕಿದರು. ಕಾಗದ ಅಲ್ಲಿಯೇ ಇರುವುದು! ಆದರೆ ಅವರು ಹೊರತೆಗೆದದ್ದು ಕಾಗದವನ್ನಲ್ಲ, ಒಂದು ಸಣ್ಣ ಇಂಗ್ಲಿಷ್ ಪುಸ್ತಕವನ್ನು. ದೋಣಿಯ ಜೊತೆಗೆ ಬಂದದ್ದು. ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ಕನ್ನಡಕ ಏರಿಸಿ, ಹಾಳೆ ಬಿಡಿಸಿ, ಬೆರಳಿಟ್ಟು ಓದುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಅವರ ತುಟಿ ಅಲ್ಲಾಡುವುದೂ ನಿಂತಿತು.

"ಇಲ್ಲಿ ಉಂಟು," ಎಂದರು ಮೆಲ್ಲಗೆ. "ಗಾಳಿಯ ಪೈಪು ಕಟ್ಟಿಕೊಂಡ್ರೆ ಪೆಟ್ರೋಲ್ ಒಳಗೆ ಹೋಗಲ್ಲ. ಅಷ್ಟೇ ಅಲ್ಲ. ಮೋಟರು ಸ್ವಲ್ಪ ದೂರ ಓಡಿ ನಿಂತು ಹೋಗ್ತದೆ ಅಂತ ಬರೆದಿದ್ದಾರೆ."

ಎಲ್ಲರೂ ಹೊಳೆಯ ಕಡೆ ತಿರುಗಿದರು. ಹೊಳೆಯ ನಡುವೆ ನೀರು ಸುಳಿ ಸುತ್ತಿಕೊಂಡು ಹರಿಯುತ್ತಿತ್ತು. ಇನ್ನು ಎರಡು ವಾರಕ್ಕೆ ಅದು ದಡ ಮುಟ್ಟುತ್ತದೆ. ಅಂಥ ನೀರಿನ ನಡುವೆ, ದೋಣಿ ತುಂಬ ಜನ ಇರುವಾಗ ಮೋಟರು ನಿಂತಿದ್ದರೆ? ಜವರಿ ಅಪ್ಪನ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈ ಪುಸ್ತಕ ಬಂದು ಹತ್ತು ದಿನ ಆಯ್ತು," ಎಂದರು ರೈಟರು. ಯಾರಿಗೆ ಹೇಳುತ್ತಿದ್ದಾರೋ ತಿಳಿಯುವ ಹಾಗಿರಲಿಲ್ಲ. "ಜೇಬಿನಲ್ಲಿ ಇಟ್ಕೊಂಡು ತಿರುಗಿದ್ದೇ ಬಂತು."

ಅಷ್ಟರಲ್ಲಿ ಸುಬ್ಬ ಮತ್ತೆ ದಡದ ಅಂಚಿಗೆ ಬಂದು ನಿಂತಿದ್ದ. ಎಲ್ಲ ಅವನಿಗೆ ಕೇಳಿಸಿತ್ತು. ರೈಟರು ಅವನನ್ನು ಕಂಡು ಗಂಟಲು ಸರಿಮಾಡಿಕೊಂಡರು.

"ಸುಬ್ಬ... ಅದು... ಸೋಮವಾರ ಗಾಡಿ ಬರಲಿ."

"ಬರ್ತದೆ ಸಾಮಿ," ಎಂದ ಸುಬ್ಬ. "ಆದ್ರೆ ಆ ಮೊದಲನೇ ಡಬ್ಬವನ್ನೂ ನನ್ನ ಕಣ್ಣೆದುರಿಗೇ ಹೊಯ್ಯಿರಿ."

ನಿಂಗ ರೈಟರ ಮುಖ ನೋಡಿದ. ರೈಟರು ತಲೆಯಾಡಿಸಿದರು. ನೆರಳಿನಲ್ಲಿದ್ದ ಡಬ್ಬ ಬಂತು. ಸುಬ್ಬ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೊನೆಯ ಹನಿಯವರೆಗೂ ನೋಡಿದ. ಒಂದು ತೊಟ್ಟೂ ಹಿಂದಕ್ಕೆ ಬರಲಿಲ್ಲ. ಅವನು ತಲೆಗೆ ವಸ್ತ್ರ ಸುತ್ತಿಕೊಂಡು, ಹೋಗುವ ಮೊದಲು ಜವರಿಯ ತಲೆಯ ಮೇಲೊಮ್ಮೆ ಕೈಯಿಟ್ಟ. "ಕೊಬ್ಬರಿ ಎಣ್ಣೆ ಹಚ್ಚು ಮಗಾ. ಹಲಸಿನ ಮೇಣ ನೀರಿಗೆ ಹೋಗಲ್ಲ," ಎಂದ.

"ಸರಿ. ಹತ್ತು," ಎಂದರು ರೈಟರು ನಿಂಗನಿಗೆ. "ದಾಟಿಸಿ ತೋರಿಸು."

ನಿಂಗ ಮೋಟರಿನ ಹಗ್ಗ ಎಳೆದ. ಎರಡು ಸಲ ಕೆಮ್ಮಿದ ಮೋಟರು ಮೂರನೆಯ ಸಲಕ್ಕೆ ಹತ್ತಿಕೊಂಡಿತು. ದೋಣಿ ರೈಟರನ್ನೂ ಜವರಿಯನ್ನೂ ಕೂರಿಸಿಕೊಂಡು ಹೊಳೆಗಿಳಿಯಿತು. ನೀರಿನ ಸೆಳೆತ ಎಲ್ಲಿದೆ, ಬಂಡೆ ಎಲ್ಲಿದೆ ಎಂಬುದನ್ನೆಲ್ಲ ನಿಂಗನಿಗೆ ಯಾವ ಮಿಸ್ತ್ರಿಯೂ ಕಲಿಸಬೇಕಿರಲಿಲ್ಲ. ಅವನು ಸುಳಿಯನ್ನು ಮೇಲ್ಗಡೆಯಿಂದ ಬಳಸಿ, ಆಚೆ ದಡದ ಮೆಟ್ಟಿಲಿಗೆ ದೋಣಿಯನ್ನು ಅಲುಗದಂತೆ ತಂದು ನಿಲ್ಲಿಸಿದ. ಹಾಗೆಯೇ ತಿರುಗಿಸಿ ವಾಪಸ್ ತಂದ. ರೈಟರು ದಾರಿಯುದ್ದಕ್ಕೂ ಎರಡು ಕೈಯಲ್ಲೂ ಹಲಗೆ ಹಿಡಿದುಕೊಂಡೇ ಕುಳಿತಿದ್ದರು.

ಅವರು ಅತ್ತಿಮರದ ಕೆಳಗೆ ಇಳಿಯುವ ಹೊತ್ತಿಗೆ ಟಪ್ಪಾಲಿನವನು ಚೀಲ ಹೊತ್ತು ಬಂದ.

"ಕಾಗದ ಉಂಟಾ ರೈಟರೇ?"

ರೈಟರು ನಿಂಗನನ್ನು ನೋಡಿದರು. ನಿಂಗ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಜವರಿ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸತೊಡಗಿದಳು. ಏಳಕ್ಕೆ ಬಂದಾಗ ರೈಟರು ಬಾಯಿ ಬಿಟ್ಟರು.

"ಇವತ್ತು ಏನಿಲ್ಲ. ಹೋಗು," ಎಂದರು.

ಟಪ್ಪಾಲಿನವನು ಹೋದ. ಜವರಿಗೆ ಕುಣಿಯಬೇಕೆನಿಸಿತು, ಅವ್ವನಿಗೆ ಹೇಳಲು ಓಡಬೇಕೆನಿಸಿತು. ಆದರೆ ಅಪ್ಪ ಕುಣಿಯುವವನ ಹಾಗೆ ಕಾಣಲಿಲ್ಲ. ಅವನು ದೋಣಿಯನ್ನು ಕಟ್ಟಿ, ಹಗ್ಗದ ಗಂಟನ್ನು ಬಿಗಿ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿದ. ರೈಟರು ಕೊಡೆ ಎತ್ತಿಕೊಂಡು ಹೊರಟರು.

"ರೈಟರೇ," ಎಂದು ನಿಂಗ ಕರೆದ.

"ಇನ್ನೆಂತ?"

ನಿಂಗ ಕುತ್ತಿಗೆ ಉಜ್ಜಿಕೊಂಡ. ಅವನ ಕಿವಿ ಕೆಂಪಾಗಿತ್ತು. ಮಾತು ಗಂಟಲಿಗೆ ಬಂದು ನಿಂತಿದೆ ಎಂಬುದು ಜವರಿಗೆ ಕಾಣುತ್ತಿತ್ತು. ಆಗ, ಆ ಮರದ ಬುಡದಲ್ಲಿ, "ನಾನೇ" ಎನ್ನುವ ಮೊದಲು ಅವಳ ಗಂಟಲಲ್ಲೂ ಹಾಗೆಯೇ ನಿಂತಿತ್ತು. ದೊಡ್ಡವರಿಗೆ ಹಾಗೆಲ್ಲ ಆಗುವುದಿಲ್ಲ ಎಂದು ಅವಳು ತಿಳಿದಿದ್ದಳು. ಅದರಲ್ಲೂ ಅಪ್ಪನಿಗೆ, ತುಂಬಿದ ಹೊಳೆಗೂ ಹೆದರದ ಅಪ್ಪನಿಗೆ, ಆಗುವುದೇ ಇಲ್ಲ ಎಂದುಕೊಂಡಿದ್ದಳು.

"ಟ್ಯಾಂಕಿನ ಅಡಿಯಲ್ಲಿ ಒಂದು ಸಣ್ಣ ಹಿತ್ತಾಳೆ ತಿರುಪು ಉಂಟು," ಎಂದ ನಿಂಗ. "ಅದು ಯಾತಕ್ಕೆ ಅಂತ ನನಗೆ ಗೊತ್ತಿಲ್ಲ."

ರೈಟರು ತಿರುಗಿ ಬಂದರು. ಆಮೇಲೆ ಕೊಡೆಯನ್ನು ಅತ್ತಿಮರಕ್ಕೆ ಒರಗಿಸಿ, ಮತ್ತೆ ಕನ್ನಡಕ ಏರಿಸಿದರು.

"ನನ್ನ ಕೇಳಿದ್ರೆ?" ಎಂದರು. "ನನಗೂ ಗೊತ್ತಿಲ್ಲ. ಎಲ್ಲಿ, ತೋರಿಸು. ಪುಸ್ತಕದಲ್ಲಿ ನೋಡುವ."

ಇಬ್ಬರೂ ದೋಣಿಯ ಹಲಗೆಯ ಮೇಲೆ ಬಗ್ಗಿದರು. ಜವರಿ ಅಪ್ಪನ ಮುಖ ನೋಡಲಿಲ್ಲ. ಈಗ ನೋಡಿದರೆ ಅವನಿಗೆ ಕಷ್ಟವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಲಂಗ ಎತ್ತಿಹಿಡಿದು ನೀರಿಗಿಳಿದು, ಸುಮ್ಮನೆ ಹೋಗಿ ಅವನ ಪಕ್ಕದಲ್ಲಿ ಕುಳಿತಳು.